ಜೀಪಿನ ಡೀಸೆಲ್ ಪೈಪು ಗಾಳಿ ಎಳೆದಾಗ

ನಮ್ಮ ಮನೆಗೆ ಡಾಮರು ರಸ್ತೆಯಿಂದ ಎರಡು ಕಿಲೋಮೀಟರ್ ಮಣ್ಣಿನ ದಾರಿ. ಕೊನೆಯಲ್ಲಿ ಒಂದು ಕಡಿದಾದ ಚಡಾವು. 1994ರ ಮಾಡೆಲಿನ ನಮ್ಮ ಡೀಸೆಲ್ ಜೀಪು ಒಂದು ಮಳೆಗಾಲ ಮುಗಿದ ಮೇಲೆ ಆ ಚಡಾವಿನ ನಡುವೆಯೇ ನಿಲ್ಲತೊಡಗಿತು. ಒಂದು ಸಲ ಹಿಂದೆ ಅಡಿಕೆ ಮೂಟೆ, ಪಕ್ಕದಲ್ಲಿ ಮನೆಯಾಕೆ. ಇಂಜಿನ್ ಬಂದ್. ಬ್ರೇಕು ತುಳಿದು ಹಿಡಿದರೂ ಗಾಡಿ ಒಂದು ಮಾರು ಹಿಂದಕ್ಕೆ ಜಾರಿತು. ಅವಳೇ ಇಳಿದು ಚಕ್ರಕ್ಕೆ ಕಲ್ಲು ಕೊಟ್ಟಳು. "ಇದು ಸರಿಯಾಗದೆ ನಾನಿನ್ನು ಹತ್ತುವುದಿಲ್ಲ" ಎಂದುಬಿಟ್ಟಳು.

ಗ್ಯಾರೇಜಿನಲ್ಲಿ ಫಿಲ್ಟರ್ ಬದಲಾಯಿಸಿ ಏರ್ ತೆಗೆದುಕೊಟ್ಟರು. ನಾಲ್ಕು ದಿನ ಸರಿ, ಮತ್ತೆ ಅದೇ ರಾಗ. ಪಂಪು ಬಿಚ್ಚಿಸಬೇಕು ಎಂದರು. ಖರ್ಚು ಕೇಳಿ ನಾನೇ ಕೈ ಹಾಕಿದೆ.

ಪಂಪ್‌ಸೆಟ್ ಇರುವವರಿಗೆ ಇದು ಬೇಗ ಅರ್ಥವಾದೀತು. ಪಂಪ್‌ಸೆಟ್ಟಿನ ಡೀಸೆಲ್ ಟ್ಯಾಂಕು ಇಂಜಿನ್ನಿನ ಮೇಲಿರುತ್ತದೆ. ಪೈಪು ಸಡಿಲವಾದರೆ ತೊಟ್ಟಿಕ್ಕುತ್ತದೆ, ಕಣ್ಣಿಗೆ ಕಾಣುತ್ತದೆ. ಜೀಪಿನಲ್ಲಿ ಟ್ಯಾಂಕು ಕೆಳಗೆ, ಫೀಡ್ ಪಂಪು ಮೇಲೆ. ಅದು ಡೀಸೆಲನ್ನು ಎಳೆದುಕೊಳ್ಳಬೇಕು. ಆ ದಾರಿಯಲ್ಲಿ ಜೋಡಣೆ ಸಡಿಲವಾದರೆ ಡೀಸೆಲ್ ಹೊರಗೆ ಬರುವ ಬದಲು ಗಾಳಿ ಒಳಗೆ ಹೋಗುತ್ತದೆ. ಕಾಲುವಾಲ್ವಿನಿಂದ ಮೇಲಿನ ಸಕ್ಷನ್ ಪೈಪಿನಲ್ಲಿ ತೂತಾದರೆ ಪಂಪು ನೀರು ಬಿಡುತ್ತದಲ್ಲ, ಹಾಗೆಯೇ. ನಮ್ಮ ಜೀಪಿನ ಟ್ಯಾಂಕು ಹಿಂದೆ ಇದೆ. ಚಡಾವು ಹತ್ತುವಾಗ ಅದು ಇನ್ನೂ ತಗ್ಗಿಗೆ ಬರುತ್ತದೆ. ನಿಲ್ಲುವುದು ಅಲ್ಲಿಯೇ ಯಾಕೆ ಎಂಬುದು ಆಗ ಹೊಳೆಯಿತು.

ಪಂಪಿನ ತಪ್ಪೋ ಪೈಪಿನದೋ ತಿಳಿಯಲು ಎರಡು ಲೀಟರಿನ ಕ್ಯಾನಿನಲ್ಲಿ ಡೀಸೆಲ್ ತುಂಬಿ, ಬಾನೆಟ್ಟಿಗಿಂತ ಎತ್ತರದಲ್ಲಿ ಕಟ್ಟಿ, ಅದರಿಂದ ನೇರ ಫೀಡ್ ಪಂಪಿಗೆ ಕೊಟ್ಟೆ. ಅರ್ಧ ಗಂಟೆ ಓಡಿಸಿದರೂ ನಿಲ್ಲಲಿಲ್ಲ. ಪಂಪು ಪಾಸು! ಬಳಿಕ ಹಳೆಯ ಪೈಪನ್ನೇ ಜೋಡಿಸಿ, ನಡುವೆ ಒಂದಡಿ ಪಾರದರ್ಶಕ ಟ್ಯೂಬು ಇಟ್ಟೆ. ಗುಳ್ಳೆಗಳು ಸಾಲಾಗಿ ಬಂದವು.

ಸಿಕ್ಕಿದ್ದು ಎರಡು ಕಡೆ. ಮೊದಲನೆಯದು ಫೀಡ್ ಪಂಪಿನ ಮೊದಲ ಬೋಲ್ಟು, ನಡುವೆ ತೂತಿರುವ ಬ್ಯಾಂಜೋ ಬೋಲ್ಟು. ಇದರ ಎರಡೂ ಬದಿಗೆ ತಾಮ್ರದ ವಾಷರ್ ಇರಬೇಕು. ಒಂದು ಸಲ ಬಿಗಿದ ತಾಮ್ರ ಗಟ್ಟಿಯಾಗುತ್ತದೆ, ಮತ್ತೆ ಬಿಗಿದರೆ ಸರಿಯಾಗಿ ಕೂರುವುದಿಲ್ಲ. ಹೊಸದು ಹಾಕುವುದೇ ಲೇಸು, ಬೆಲೆ ಅಲ್ಪ. ಅವಸರಕ್ಕೆ ಹಳೆಯದನ್ನೇ ಕೆಂಪಗೆ ಕಾಯಿಸಿ ನೀರಿಗೆ ಹಾಕಿ. ಕಬ್ಬಿಣದ ಕತ್ತಿಯಾದರೆ ಹೀಗೆ ಮಾಡಿದಾಗ ಗಡಸಾಗುತ್ತದೆ, ತಾಮ್ರ ಮೆತ್ತಗಾಗುತ್ತದೆ. ಕರಿ ಉಜ್ಜಿ ತೆಗೆಯಬೇಕು. ಗೀರು ಬಿದ್ದದ್ದು ಬೇಡ.

ಎರಡನೆಯದು ಟ್ಯಾಂಕಿನ ಬದಿಯ ಕಬ್ಬಿಣದ ಪೈಪಿನ ತುದಿ. ನಟ್ಟಿನೊಳಗೆ ಕುಳಿತುಕೊಳ್ಳಲು ಪೈಪಿನ ಬಾಯಿಯನ್ನು ಕಹಳೆಯ ಹಾಗೆ ಅರಳಿಸಿರುತ್ತಾರೆ. ಅದು ಕೂದಲೆಳೆಯಷ್ಟು ಸೀಳಿತ್ತು. ಇಲ್ಲಿ ನನ್ನದೇ ತಪ್ಪೊಂದು ಹೇಳಬೇಕು. ಆ ತುದಿ ಕತ್ತರಿಸಿ, ಮದ್ದು ಬಿಡುವ ಪಂಪಿನ ಹಳೆಯ ರಬ್ಬರ್ ಪೈಪಿನ ತುಂಡು ಸಿಕ್ಕಿಸಿ ಕ್ಲಿಪ್ ಬಿಗಿದೆ. ಒಂದೂವರೆ ತಿಂಗಳಲ್ಲಿ ರಬ್ಬರು ಉಬ್ಬಿ, ಒಳಗಿನ ಚೂರು ಕಳಚಿ ಫಿಲ್ಟರಿಗೆ ಹೋಯಿತು. ಡೀಸೆಲಿಗೆಂದೇ ಮಾಡಿದ ಹೋಸ್ ಆಗಬೇಕು. ನಟ್ಟಿನ ಮರೆಗೆ ಟೆಫ್ಲಾನ್ ಟೇಪು ಸುತ್ತಿದ್ದೂ ವ್ಯರ್ಥ. ಇಲ್ಲಿ ಸೋರದಂತೆ ತಡೆಯುವುದು ಮರೆಯಲ್ಲ, ಅರಳಿದ ಬಾಯಿ. ಟೇಪಿನ ಎಳೆ ಒಳಗೆ ಹೋದರೆ ಬೇರೆ ತೊಂದರೆ.

ಕೊನೆಗೆ ಬಾಯಿ ಅರಳಿಸುವ ಸಲಕರಣೆ ಇರುವ ಲೇತಿನವರಲ್ಲಿಗೆ ಒಯ್ದೆ. ಕಬ್ಬಿಣದ ಪೈಪಾದರೆ ಬಾಯಿಯನ್ನು ಒಳಕ್ಕೆ ಮಡಚಿ ಎರಡು ಪದರ ಮಾಡಿಸಬೇಕು, ಒಂದೇ ಪದರ ಬೇಗ ಸೀಳುತ್ತದೆ. ಅರಳಿಸುವ ಮೊದಲು ನಟ್ಟು ಪೈಪಿಗೆ ಏರಿಸಿರಬೇಕು! ನಾವಿಬ್ಬರೂ ಮರೆತು ಮತ್ತೆ ಕತ್ತರಿಸಬೇಕಾಯಿತು. ಬಿಗಿಯುವಾಗ ಎರಡು ಸ್ಪಾನರ್ ಹಿಡಿಯಿರಿ, ಒಂದು ನಟ್ಟಿಗೆ, ಇನ್ನೊಂದು ಎದುರಿನ ಜೋಡಣೆಗೆ. ಇಲ್ಲವಾದರೆ ಪೈಪೇ ತಿರುಚಿಕೊಳ್ಳುತ್ತದೆ. ತಾಮ್ರದ ಪೈಪು ಬಗ್ಗಿಸಲು ಸುಲಭವೆಂದು ಹಾಕುವವರಿದ್ದಾರೆ. ಅದು ಅದುರಿ ಅದುರಿ ಗಡಸಾಗಿ ತುದಿಯಲ್ಲಿ ಸೀಳುತ್ತದೆ. ನನಗೆ ಹಿಡಿಸದು.

ಈ ಕೆಲಸವೆಲ್ಲ ಟ್ಯಾಂಕಿನಿಂದ ಫಿಲ್ಟರಿನವರೆಗೆ ಮಾತ್ರ. ಇಂಜೆಕ್ಷನ್ ಪಂಪಿನಿಂದ ನೋಜಲಿಗೆ ಹೋಗುವ ಸಪೂರ ಪೈಪುಗಳನ್ನು ಬೆಸೆಯಬೇಡಿ, ಹೊಸದೇ ಹಾಕಿ. ಅಲ್ಲಿನ ಒತ್ತಡ ಬಹಳ. ಸೋರುವ ಜಾಗಕ್ಕೆ ಬೆರಳಿಟ್ಟರೆ ಡೀಸೆಲ್ ಚರ್ಮದೊಳಗೇ ಹೊಕ್ಕೀತು. ಗಾಯ ಸೂಜಿಮೊನೆಯಷ್ಟು ಕಂಡರೂ ಕೂಡಲೇ ಆಸ್ಪತ್ರೆಗೆ ಹೋಗಲೇಬೇಕು. ಪೆಟ್ರೋಲ್ ಕಾರಿನವರು ಬ್ಯಾಟರಿ ಕಳಚಿ, ಬಯಲಲ್ಲಿ, ಇಂಜಿನ್ ತಣಿದ ಮೇಲೆಯೇ ಕೈ ಹಾಕಿ. ಕಾಯಿಸುವ ಕೆಲಸ ಅದರ ಹತ್ತಿರ ಬೇಡವೇ ಬೇಡ.

ಜೋಡಿಸಿದ ಮೇಲೆ ಏರ್ ತೆಗೆಯಬೇಕಷ್ಟೆ. ಫಿಲ್ಟರಿನ ಮೇಲಿನ ಸ್ಕ್ರೂ ಸಡಿಲಿಸಿ, ಕೈಪಂಪು ಒತ್ತುತ್ತಾ ಗುಳ್ಳೆ ನಿಂತು ಬರೀ ಡೀಸೆಲ್ ಬರುವಾಗಲೇ ಬಿಗಿಯಿರಿ. ಆಮೇಲೆ ಇಂಜೆಕ್ಷನ್ ಪಂಪಿನ ಸ್ಕ್ರೂವಿಗೂ ಹಾಗೆಯೇ. ನಾನು ಮರುದಿನ ಟ್ಯಾಂಕಿನಲ್ಲಿ ಡೀಸೆಲ್ ಕಡಿಮೆ ಇರುವಾಗಲೇ ಬೇಕೆಂದು ಮೂಟೆ ತುಂಬಿ ಚಡಾವು ಹತ್ತಿಸಿದೆ. ಮನೆಯಾಕೆ ಕಲ್ಲು ಹಿಡಿದು ಹಿಂದಿನಿಂದ ನಡೆದುಕೊಂಡು ಬಂದಳು. ಮೂರನೇ ದಿನ ಹತ್ತಿ ಕೂತಳು.