ಅಪ್ಪಾಜಿ ತಮ್ಮನ ಪರ ವಹಿಸಿದ್ದಲ್ಲ

ಪ್ರಶ್ನೆ: ನಾನು ಬೀದರ್ ನಗರದಲ್ಲಿ ನೌಕರಿಯಲ್ಲಿದ್ದೇನೆ. ಕಳೆದ ದೀಪಾವಳಿಗೆ ಹೊಸ ಮನೆಗೆ ಬಂದೆವು. ಹೋಮ್ ಥಿಯೇಟರಿನ ಹಳೆಯ ರಿಸೀವರನ್ನು ಭಾಲ್ಕಿಯಲ್ಲಿರುವ ತಮ್ಮನಿಗೆ ಕೊಟ್ಟು, ತೊಂಬತ್ತು ಸಾವಿರ ರೂಪಾಯಿಯ ಹೊಸದನ್ನು ತಂದೆ. ಸ್ಪೀಕರುಗಳು ಮೊದಲಿನವೇ, ಐದು ಸ್ಪೀಕರ್, ಒಂದು ಸಬ್‌ವೂಫರ್. ಹಳೆಯದು 80 ವ್ಯಾಟ್, ಇದು 110 ವ್ಯಾಟ್. ಔರಾದಿನಿಂದ ಅಪ್ಪಾಜಿ ಬಂದಾಗ ಖುಷಿಯಿಂದ ಮಲ್ಲಿಕಾರ್ಜುನ ಮನ್ಸೂರರ ವಚನ ಹಾಕಿದೆ. ಅವರಿಗೆ ಎಪ್ಪತ್ತಾರು ವರ್ಷ, ಅಮರೇಶ್ವರ ಗುಡಿಯ ಭಜನೆಯಲ್ಲಿ ಬಹಳ ಕಾಲ ಹಾಡಿದವರು. ಒಂದು ವಚನ ಮುಗಿಯುವ ತನಕ ಸುಮ್ಮನಿದ್ದು, “ತಮ್ಮನ ಮನ್ಯಾಗ ಎದುರಿಗೆ ಕುಂತು ಹಾಡಿದಂಗ ಕೇಳಸ್ತದ. ಇಲ್ಲಿ ಯಾವ್ದೋ ದೊಡ್ಡ ಗುಡಿಯಾಗ, ದೂರ ನಿಂತು ಹಾಡಿದಂಗ ಅದ” ಎಂದರು. ತಮ್ಮನ ಹತ್ತಿರ ಇರುವುದು ಎರಡೇ ಸ್ಪೀಕರ್! ಮನೆಯವಳು “ನನಗಂತೂ ಏನೂ ಫರಕ್ ಗೊತ್ತಾಗಲಿಲ್ಲ” ಎನ್ನುತ್ತಾಳೆ. ನನ್ನ ದುಡ್ಡು ಹಾಳಾಯಿತೇ? ಅಥವಾ ಅಪ್ಪಾಜಿಗೆ ಚಿಕ್ಕ ಮಗನ ಮನೆಯದೆಲ್ಲ ಚಂದವೇ? ಇದನ್ನು ಬರೆಯುವಾಗಲೂ ಸಂಕಟವಾಗುತ್ತಿದೆ.
— ಓದುಗ, ಬೀದರ್

ಉತ್ತರ: ನಿಮ್ಮ ಕೊನೆಯ ಪ್ರಶ್ನೆಯನ್ನೇ ಮೊದಲು ತೆಗೆದುಕೊಳ್ಳುತ್ತೇನೆ, ನಿಮ್ಮನ್ನು ನೋಯಿಸುತ್ತಿರುವುದು ಅದೇ. ಅಪ್ಪಾಜಿಯ ಮಾತನ್ನು ಇನ್ನೊಮ್ಮೆ ಓದಿ. ಅವರು ತಮ್ಮನ ಮೆಷಿನ್ ಒಳ್ಳೆಯದು ಎಂದಿಲ್ಲ, ನಿಮ್ಮದು ಕೆಟ್ಟದ್ದು ಎಂದೂ ಇಲ್ಲ. ಹಾಡುವವನು ಎಷ್ಟು ದೂರದಲ್ಲಿ ಇದ್ದಂತೆ ಕೇಳಿತು ಎಂಬುದನ್ನಷ್ಟೇ ಹೇಳಿದ್ದಾರೆ. ಮಕ್ಕಳನ್ನು ತಕ್ಕಡಿಗೆ ಹಾಕುವವರು ಇಷ್ಟು ಕರಾರುವಾಕ್ಕಾಗಿ ಮಾತಾಡುವುದಿಲ್ಲ. ಗುಡಿಯಲ್ಲಿ ಕೂತು ಹಾಡಿದವರಿಗೆ ದನಿ ಕಲ್ಲಿಗೆ ಬಡಿದು ಮರಳಿ ಬರುವುದು ಹೇಗಿರುತ್ತದೆ ಎಂದು ಗೊತ್ತು. ನಿಮ್ಮ ಹಾಲ್‌ನಲ್ಲಿ ಅವರಿಗೆ ಕೇಳಿಸಿದ್ದೂ ಅದೇ ಇರಬೇಕು.

ಅದಕ್ಕೆ ಎರಡು ಕಾರಣಗಳು ನನಗೆ ಕಾಣುತ್ತವೆ. ಮೊದಲನೆಯದು ರಿಮೋಟಿನಲ್ಲೇ ಇದೆ. ಮನ್ಸೂರರು ಹುಟ್ಟಿದ್ದು 1910ರಲ್ಲಿ, ತೀರಿಕೊಂಡದ್ದು 1992ರಲ್ಲಿ. ಅವರ ಧ್ವನಿಮುದ್ರಣಗಳು ಐದು ಸ್ಪೀಕರುಗಳಿಗೆಂದು ಮಾಡಿದವಲ್ಲ. ಅವುಗಳಲ್ಲಿ ಇರುವುದು ಹೆಚ್ಚೆಂದರೆ ಎಡ, ಬಲ ಎಂಬ ಎರಡು ದಾರಿ. ಹಳೆಯವಾದರೆ ಒಂದೇ. ಈಗಿನ ರಿಸೀವರುಗಳಲ್ಲಿ ಸರೌಂಡ್ ಮೋಡ್ ಹಾಕಿದ್ದರೆ ಅವು ಆ ಎರಡು ದಾರಿಯ ಹಾಡನ್ನು ಐದಕ್ಕೂ ಹಂಚುತ್ತವೆ. ‘ಹಾಲ್’, ‘ಕನ್ಸರ್ಟ್’ ಎಂಬಂಥ ಮೋಡ್ ಇದ್ದರಂತೂ ಹಾಡಿನಲ್ಲಿ ಇಲ್ಲದ ಗುಂಯ್‌ಗುಡುವಿಕೆಯನ್ನು ತಾವೇ ಸೇರಿಸುತ್ತವೆ. ಸಿನಿಮಾಕ್ಕೆ ಈ ಹರಡುವಿಕೆ ಚಂದ. ತಂಬೂರಿ, ಹಾರ್ಮೋನಿಯಂ, ತಬಲಾ, ಒಂದು ಕಂಠ ಇಷ್ಟೇ ಇರುವ ವಚನಕ್ಕೆ ಅದು ಒಗ್ಗುವುದಿಲ್ಲ. ತಮ್ಮನ ಮನೆಯಲ್ಲಿ ಎರಡೇ ಸ್ಪೀಕರ್ ಇರುವುದರಿಂದ ಈ ತೊಂದರೆ ಹುಟ್ಟಲು ಅವಕಾಶವೇ ಕಡಿಮೆ. ರಿಮೋಟಿನಲ್ಲಿ ‘ಸ್ಟೀರಿಯೊ’ ಅಥವಾ ‘ಡೈರೆಕ್ಟ್’ ಎಂಬ ಗುಂಡಿ ಹುಡುಕಿ, ಒತ್ತಿ, ಅದೇ ವಚನವನ್ನು ಮತ್ತೆ ಹಾಕಿ. ಉಳಿದದ್ದನ್ನು ಓದುವ ಮೊದಲೇ ಇದನ್ನು ಮಾಡಿದರೂ ಸರಿ.

ಎರಡನೆಯದು ಹೊಸ ಮನೆ. ನೆಲಕ್ಕೆ ಹೊಳೆಯುವ ಟೈಲ್ಸ್, ಒಂದು ಗೋಡೆಗೆ ದೊಡ್ಡ ಗಾಜಿನ ಕಿಟಕಿ, ಬಾಕಿ ಗೋಡೆಗಳೆಲ್ಲ ಖಾಲಿ, ಈಗಿನ ಹೊಸ ಹಾಲ್‌ಗಳು ಹೆಚ್ಚಾಗಿ ಹೀಗಿರುತ್ತವೆ. ನಿಮ್ಮದೂ ಹಾಗೆಯೇ ಇದ್ದರೆ ಸೋಫಾದ ಪಕ್ಕ ನಿಂತು ಒಂದು ಚಪ್ಪಾಳೆ ಹೊಡೆದು ನೋಡಿ. ಚಪ್ಪಾಳೆಯ ಬೆನ್ನಿಗೆ ‘ಟ್ರಿಂಣ್’ ಎಂದು ಒಂದು ಬಾಲ ಕೇಳಿಸಿದರೆ, ದನಿ ಗೋಡೆಯಿಂದ ಗೋಡೆಗೆ ಓಡಾಡುತ್ತಿದೆ ಎಂದೇ ಅರ್ಥ. ಅಷ್ಟೂರಿನ ಬಹಮನಿ ಗುಮ್ಮಟಗಳ ಒಳಗೆ ಮೆಲ್ಲಗೆ ಮಾತಾಡಿದರೂ ಮಾತಿನ ಮೇಲೆ ಮಾತು ಬಿದ್ದು ಕಲಸಿಹೋಗುವುದಿಲ್ಲವೇ, ಇಲ್ಲಿ ಅದೇ ಸಣ್ಣ ಪ್ರಮಾಣದಲ್ಲಿ ಆಗುತ್ತದೆ. ಭಾಲ್ಕಿಯ ಮನೆ ಹಳೆಯದೋ ಹೊಸದೋ ನೀವು ಬರೆದಿಲ್ಲ. ಮಣ್ಣಿನ ಗೋಡೆ, ಜಂತಿಯ ಮಾಳಿಗೆ, ಮೂಲೆಯಲ್ಲಿ ಹಾಸಿಗೆ-ಕೌದಿಗಳ ರಾಶಿ ಇರುವ ಮನೆಯಾದರೆ ತಮ್ಮ ಒಂದು ಪೈಸೆ ಖರ್ಚಿಲ್ಲದೆ ಒಳ್ಳೆಯ ಕೇಳುಕೋಣೆಯಲ್ಲಿ ವಾಸವಾಗಿದ್ದಾನೆ. ನೀವೂ ಸ್ಪೀಕರಿಗೂ ಸೋಫಾಕ್ಕೂ ನಡುವೆ ದಪ್ಪನೆಯ ಜಮಖಾನ ಹಾಸಿ, ಗಾಜಿಗೆ ಭಾರದ ಪರದೆ ಹಾಕಿ. ತಲೆಯ ಹಿಂದಿನ ಗೋಡೆಗೆ ಅಮ್ಮ ಹೊಲಿದ ಕೌದಿ ಇದ್ದರೆ ಅದನ್ನೇ ತೂಗುಹಾಕಿ, ನೋಡಲೂ ಚಂದ. ಇವುಗಳಿಂದ ಆಗುವ ಫರಕ್ ಒಂದು ರಿಸೀವರಿನಿಂದ ಇನ್ನೊಂದಕ್ಕೆ ಹೋದಾಗಿನದಕ್ಕಿಂತ ದೊಡ್ಡದಿರುತ್ತದೆ ಎಂದು ಧೈರ್ಯವಾಗಿ ಹೇಳುತ್ತೇನೆ.

ವ್ಯಾಟ್ ಲೆಕ್ಕವನ್ನು ಅಂಗಡಿಯವರು ದೊಡ್ಡದು ಮಾಡಿ ಹೇಳಿರುತ್ತಾರೆ. 80ರಿಂದ 110ಕ್ಕೆ ಏರಿದರೆ ಸಿಗುವುದು ಸುಮಾರು 1.4 ಡೆಸಿಬಲ್ ಮಾತ್ರ. ವ್ಯಾಟ್ ಎರಡು ಪಟ್ಟಾದರೂ 3 ಡೆಸಿಬಲ್. ಕಿವಿಗೆ ಸದ್ದು ಇಮ್ಮಡಿಯಾದಂತೆ ಅನಿಸಲು ಸುಮಾರು 10 ಡೆಸಿಬಲ್ ಬೇಕು, ಎಂದರೆ ಹತ್ತು ಪಟ್ಟು ವ್ಯಾಟ್. ಮನೆಯಲ್ಲಿ ವಚನ ಕೇಳುವಾಗ ಖರ್ಚಾಗುವುದು ಬೆರಳೆಣಿಕೆಯ ವ್ಯಾಟ್. ನಿಮ್ಮ ಮನೆಯವರಿಗೆ ಫರಕ್ ಗೊತ್ತಾಗದಿದ್ದುದು ಸಹಜ, ಅವರು ಕಂಡದ್ದನ್ನೇ ಹೇಳಿದ್ದಾರೆ.

ಹಾಗಾದರೆ ತೊಂಬತ್ತು ಸಾವಿರ ಎಲ್ಲಿಗೆ ಹೋಯಿತು? ಅದರ ಒಂದು ಭಾಗ ನಿಮ್ಮ ಕೋಣೆಯನ್ನು ಅಳೆಯುವ ಸೌಲಭ್ಯಕ್ಕೆ ಹೋಗಿದೆ. ಪೆಟ್ಟಿಗೆಯಲ್ಲಿ ಉದ್ದ ವೈರಿನ ಸಣ್ಣ ಮೈಕ್ ಇರಬೇಕು. ಡೆನಾನ್, ಮರಾಂಟ್ಜ್‌ಗಳಲ್ಲಿ ಈ ಏರ್ಪಾಡಿನ ಹೆಸರು ಆಡಿಸ್ಸಿ, ಯಮಾಹಾದಲ್ಲಿ ವೈಪಾವೊ. ನಿಮ್ಮ ಪತ್ರದಲ್ಲಿ ಮೈಕಿನ ಮಾತೇ ಇಲ್ಲವಾದ್ದರಿಂದ ಅದು ಇನ್ನೂ ಪೆಟ್ಟಿಗೆಯಲ್ಲೇ ಇದೆ ಎಂದು ನನ್ನ ಅನುಮಾನ. ಸೋಫಾದಲ್ಲಿ ಅಪ್ಪಾಜಿಯ ಕಿವಿ ಬರುವ ಎತ್ತರಕ್ಕೆ, ಸ್ಟ್ಯಾಂಡಿನ ಮೇಲೆ ಅದನ್ನು ನಿಲ್ಲಿಸಿ, ಫ್ಯಾನ್ ಆರಿಸಿ, ಅಳತೆ ಮಾಡಿಸಿ. ದನಿ ಒಂದು ಮಿಲಿಸೆಕೆಂಡಿಗೆ ಸುಮಾರು 34 ಸೆಂಟಿಮೀಟರ್ ಸಾಗುತ್ತದೆ. ಯಾವ ಸ್ಪೀಕರ್ ಎಷ್ಟು ದೂರ ಎಂದು ತಿಳಿದರೆ ರಿಸೀವರ್ ಹತ್ತಿರದ್ದನ್ನು ಅಷ್ಟು ತಡೆದು, ಎಲ್ಲದರ ದನಿಯೂ ಒಟ್ಟಿಗೆ ಬಂದು ಸೇರುವಂತೆ ಮಾಡುತ್ತದೆ. ಅಳತೆಯ ನಂತರ ಮೆನುವಿನಲ್ಲಿ ಸ್ಪೀಕರುಗಳು ‘ಸ್ಮಾಲ್’ ಎಂದಿದ್ದು, ಪಕ್ಕದಲ್ಲಿ 80 ಹರ್ಟ್ಸ್ ಆಸುಪಾಸು ಇದ್ದರೆ ಗಾಬರಿ ಬೇಡ. ಅದಕ್ಕಿಂತ ಕೆಳಗಿನ ದಪ್ಪ ಸ್ವರಗಳನ್ನು ಸಬ್‌ವೂಫರಿಗೆ ಕಳಿಸುತ್ತೇನೆ ಎಂದಷ್ಟೇ ಅದರ ಅರ್ಥ.

ಮನೆ ಬದಲಿಸುವಾಗ ಆಗುವ ಇನ್ನೊಂದು ತಪ್ಪೂ ಇದೆ. ಒಂದು ಸ್ಪೀಕರಿನ ಕೆಂಪು-ಕಪ್ಪು ವೈರು ಅದಲುಬದಲಾದರೆ ಒಂದರ ಕೋನ್ ಮುಂದೆ ಬಂದಾಗ ಇನ್ನೊಂದರದು ಹಿಂದೆ ಹೋಗುತ್ತದೆ. ತಬಲಾದ ಬಾಯಾ ಸೊರಗುತ್ತದೆ, ಹಾಡುವವನು ಎಲ್ಲಿ ಕೂತಿದ್ದಾನೆ ಎಂಬುದೇ ತಿಳಿಯುವುದಿಲ್ಲ. ನನ್ನ ಮನೆಯಲ್ಲೇ ಹೀಗಾಗಿ ಎರಡು ತಿಂಗಳು ಸ್ಪೀಕರನ್ನು ಬೈದುಕೊಂಡಿದ್ದೆ. ಐದನ್ನೂ ಹಿಂದಿನಿಂದ ಒಮ್ಮೆ ನೋಡಿಬಿಡಿ.

ಇಷ್ಟೆಲ್ಲ ಮಾಡಿದ ಮೇಲೂ ಹಳೆಯದೋ ಹೊಸದೋ ಎಂಬ ಪ್ರಶ್ನೆ ಉಳಿದರೆ, ಈವರೆಗೆ ನಡೆದದ್ದು ಹೋಲಿಕೆಯೇ ಅಲ್ಲ ಎಂಬುದನ್ನು ನೆನಪಿಡಿ. ಊರು ಬೇರೆ, ಮನೆ ಬೇರೆ, ಸ್ಪೀಕರ್ ಬೇರೆ, ನಡುವೆ ಎಷ್ಟೋ ದಿನಗಳು. ದನಿಯ ಸೂಕ್ಷ್ಮವನ್ನು ನೆನಪು ಕೆಲವು ಸೆಕೆಂಡಿಗಿಂತ ಹೆಚ್ಚು ಹೊತ್ತು ಹಾಗೇ ಹಿಡಿದಿಡುವುದಿಲ್ಲ. ಅದಕ್ಕೇ ಒಂದು ಭಾನುವಾರ ಹಳೆಯ ರಿಸೀವರನ್ನು ಎತ್ತಿಕೊಂಡು ಬರಲು ತಮ್ಮನಿಗೆ ಹೇಳಿ. ಎರಡನ್ನೂ ಅಕ್ಕಪಕ್ಕ ಇಟ್ಟು, ಅದೇ ಎರಡು ಮುಂದಿನ ಸ್ಪೀಕರುಗಳಿಗೆ ಒಂದಾದ ಮೇಲೊಂದರಂತೆ ಜೋಡಿಸಿ. ಎರಡನ್ನೂ ಸ್ಟೀರಿಯೊದಲ್ಲೇ ಇಡಿ. ಈ ಆಟದ ಮಟ್ಟಿಗೆ ಸಬ್‌ವೂಫರ್ ಬಂದ್ ಇರಲಿ, ಮೈಕಿನ ತಿದ್ದುಪಡಿಯನ್ನೂ ಆಫ್ ಮಾಡಿ.

ಮುಖ್ಯವಾದದ್ದು ಸದ್ದಿನ ಮಟ್ಟ. ಒಂದು ಡೆಸಿಬಲ್ ಜೋರಾಗಿರುವುದನ್ನು ಕಿವಿ ‘ಜೋರು’ ಎಂದು ಗುರುತಿಸುವುದಿಲ್ಲ, ‘ಚೆನ್ನಾಗಿದೆ’ ಎಂದು ಗುರುತಿಸುತ್ತದೆ. ರಿಸೀವರಿನ ಮೇಲೆ ಕಾಣುವ ವಾಲ್ಯೂಮ್ ಅಂಕಿ ಒಂದೇ ಇದ್ದರೆ ಸಾಲದು, ಒಂದರ 40 ಇನ್ನೊಂದರ 46 ಆಗಿರಬಹುದು. ಪಿಂಕ್ ನಾಯ್ಸ್ ಎಂಬ ‘ಷ್‌ಷ್’ ಸದ್ದಿನ ಫೈಲ್ ಒಂದನ್ನು ಎರಡರಲ್ಲೂ ಹಾಕಿ, ಮೊಬೈಲಿನ ಸೌಂಡ್ ಮೀಟರ್ ಆಪನ್ನು ಸೋಫಾದ ಒಂದೇ ಜಾಗದಲ್ಲಿಟ್ಟು, ಅರ್ಧ ಡೆಸಿಬಲ್ಲಿನ ಒಳಗೆ ಸರಿಹೊಂದಿಸಿ. ಮೊಬೈಲಿನ ಅಂಕಿ ಪೂರ್ತಿ ನಿಖರವಿಲ್ಲದಿದ್ದರೂ ಅಡ್ಡಿಯಿಲ್ಲ, ಎರಡಕ್ಕೂ ಅದೇ ಮೊಬೈಲ್ ತಾನೆ.

ಫ್ಯಾನು, ಮಿಕ್ಸರ್, ಟಿವಿ ಎಲ್ಲ ಬಂದ್ ಇರಲಿ. ಬಿದರಿ ಹೂಜಿಯನ್ನು ಕೋಟೆಯ ಮಣ್ಣು, ನವಸಾಗರದ ನೀರಿನಲ್ಲಿ ಕಾಯಿಸಿ ತೆಗೆಯುವವರೆಗೆ ಬೆಳ್ಳಿಯ ಎಳೆ ಎದ್ದು ಕಾಣುವುದಿಲ್ಲವಲ್ಲ. ಬೆಳ್ಳಿ ಮೊದಲೇ ಇರುತ್ತದೆ, ಸುತ್ತಲಿನ ಲೋಹ ಕಪ್ಪಾಗಬೇಕು. ತಂಬೂರಿಯ ಎಳೆಗೆ ಕೋಣೆಯ ಮೌನವೇ ಆ ಕಪ್ಪು.

ತಮ್ಮ ಮೆಷಿನ್ ಬದಲಿಸಲಿ, ಯಾವುದು ನಡೆಯುತ್ತಿದೆ ಎಂದು ಅಪ್ಪಾಜಿಗೂ ನಿಮಗೂ ಗೊತ್ತಾಗಬಾರದು. ನಾಣ್ಯ ಚಿಮ್ಮಿ ಸರದಿ ನಿರ್ಧರಿಸಿ, ಹತ್ತು ಸಲವಾದರೂ ಕೇಳಿಸಿ, ಬರೆದಿಡಿ. ವಯಸ್ಸಾದವರ ಕಿವಿ ಏನು ಹೇಳೀತು ಎಂದು ಕಡೆಗಣಿಸಬೇಡಿ. ವಯಸ್ಸಿಗೆ ಮೊದಲು ಮಂಕಾಗುವುದು ತೀರಾ ಮೇಲಿನ ಸ್ವರಗಳು. ಮನುಷ್ಯನ ಕಂಠದ ಮುಖ್ಯ ಭಾಗವೆಲ್ಲ 4,000 ಹರ್ಟ್ಸ್‌ನ ಕೆಳಗೇ ಇದೆ, ಅದರಲ್ಲಿ ಅವರ ಅನುಭವ ನಮ್ಮಿಬ್ಬರದಕ್ಕಿಂತ ದೊಡ್ಡದು. ಹತ್ತರಲ್ಲಿ ಐದಾರು ಸಲ ಮಾತ್ರ ಗುರುತಿಸಿದರೆ, ವಚನದ ಮಟ್ಟಿಗೆ ಎರಡೂ ಒಂದೇ ಎಂದು ತಿಳಿಯಿರಿ. ಹೊಸದರ ಗುಣವನ್ನು ಸಂಜೆ ಒಂದು ಸಿನಿಮಾದಲ್ಲಿ, ಐದೂ ಸ್ಪೀಕರಿನಲ್ಲಿ, ಮೈಕಿನ ತಿದ್ದುಪಡಿಯೊಂದಿಗೆ ನೋಡಿ. ಒಂಬತ್ತು ಸಲ ಹಳೆಯದನ್ನೇ ಆರಿಸಿದರೆ ನನಗೆ ಮತ್ತೆ ಬರೆಯಿರಿ. ಆಗ ಹೊಸದರಲ್ಲಿ ನಿಜವಾಗಿ ಏನೋ ದೋಷವಿರಬಹುದು, ವಾರಂಟಿ ಇನ್ನೂ ಇರಬೇಕು.

ಒಂದು ಎಚ್ಚರ. ಪ್ರತಿ ಸಲ ವೈರು ಬದಲಿಸುವ ಮೊದಲು ಎರಡು ರಿಸೀವರುಗಳ ಸ್ವಿಚ್ಚನ್ನೂ ಗೋಡೆಯಲ್ಲೇ ಆರಿಸಿ. ಕೆಂಪು ವೈರಿನ ಒಂದು ಎಳೆಯೂ ಕಪ್ಪಿಗೆ ತಾಗದಂತೆ ತುದಿಯನ್ನು ಬಿಗಿಯಾಗಿ ಹೊಸೆಯಿರಿ. ಹತ್ತು ಸಲವೂ ಹೀಗೇ ಆಗಬೇಕಾದ್ದರಿಂದ ತಮ್ಮನಿಗೆ ಅವಸರ ಮಾಡಬೇಡಿ, ನಡುನಡುವೆ ಚಹಾ ಆಗಲಿ.