ವಂಶವೃಕ್ಷಕ್ಕೂ ವೋಚರ್ ಬೇಕು

ವೋಚರ್ ಇಲ್ಲದೆ ಲೆಕ್ಕದ ಪುಸ್ತಕದಲ್ಲಿ ಏನನ್ನೂ ಬರೆಯಬಾರದು ಎಂದು ನಾವು ಲೆಕ್ಕಶಾಸ್ತ್ರದಲ್ಲಿ ಕಲಿತಿದ್ದೇವೆ. ವಂಶವೃಕ್ಷಕ್ಕೂ ಇದೇ ನಿಯಮ. ಇಂಗ್ಲೆಂಡಿನ ಪಾಸ್ಟನ್ ಮನೆತನ ಇದಕ್ಕೆ ಒಳ್ಳೆಯ ಉದಾಹರಣೆ.

ನಾರ್ಫೋಕ್ ಪ್ರಾಂತ್ಯದ ಪಾಸ್ಟನ್ನರು 'ಜೆಂಟ್ರಿ' ವರ್ಗದವರು. ಅಂದರೆ ದೊಡ್ಡ ಪ್ರಭುಗಳಿಗಿಂತ ಕೆಳಗೆ, ರೈತರಿಗಿಂತ ಮೇಲೆ ಇದ್ದ ಭೂಮಾಲೀಕರು. 15ನೇ ಶತಮಾನದ ಇವರ ಮನೆಯ ಪತ್ರಗಳು ಇಂದಿಗೂ ಉಳಿದಿವೆ.

ಇಂತಹ ಮನೆತನದ ಮೂಲ ಹುಡುಕುವವರು ಗೊತ್ತಿರುವ ತಲೆಮಾರಿನಿಂದ ಒಂದೊಂದೇ ಮೆಟ್ಟಿಲು ಹಿಂದಕ್ಕೆ ಹೋಗಬೇಕು. ಚರ್ಚುಗಳು ನಾಮಕರಣ, ಮದುವೆ, ಶವಸಂಸ್ಕಾರಗಳನ್ನು ಬರೆದಿಡಬೇಕೆಂದು 1538ರಲ್ಲಿ ಆಜ್ಞೆಯಾಯಿತು. ಅದಕ್ಕೂ ಹಿಂದಿನ ಕಾಲಕ್ಕೆ ಉಯಿಲು, ಜಮೀನಿನ ಪತ್ರ, ನ್ಯಾಯಾಲಯದ ಕಡತಗಳೇ ಆಧಾರ. 1530ರಿಂದ 1688ರವರೆಗೆ 'ಹೆರಾಲ್ಡ್' ಎಂಬ ರಾಜನ ಅಧಿಕಾರಿಗಳು ಊರೂರಿಗೆ ಹೋಗಿ ವಂಶಾವಳಿ ಬರೆದುಕೊಂಡರು. ಆದರೆ ವಿವರ ಕೊಟ್ಟವರು ಮನೆಯವರೇ. ಆದ್ದರಿಂದ ಅಜ್ಜನವರೆಗೆ ನಂಬಬಹುದು, ಅದರಾಚೆಗೆ ಪರೀಕ್ಷಿಸಬೇಕು.

1466ರಲ್ಲಿ ನಾಲ್ಕನೇ ಎಡ್ವರ್ಡ್ ರಾಜನು ಪಾಸ್ಟನ್ನರು 1066ರ ನಾರ್ಮನ್ ವಿಜಯದ ಕಾಲದಿಂದಲೂ ಕುಲೀನರು ಎಂದು ಒಪ್ಪಿಕೊಂಡನು. ಆದರೆ ಅವರ ವಿರೋಧಿಗಳು ಬರೆದ ಒಂದು ಕಾಗದ ಬೇರೆಯದನ್ನೇ ಹೇಳುತ್ತದೆ. ಮೂಲಪುರುಷ ಕ್ಲೆಮೆಂಟ್ ಪಾಸ್ಟನ್ ಸಾಧಾರಣ ರೈತ. ಜೀನು ಇಲ್ಲದ ಕುದುರೆಯ ಮೇಲೆ ಧಾನ್ಯ ಹೇರಿಕೊಂಡು ಗಿರಣಿಗೆ ಹೋಗುತ್ತಿದ್ದ. ಸಾಲ ಮಾಡಿ ಮಗ ವಿಲಿಯಂನನ್ನು ಓದಿಸಿದ. ಆ ಮಗ ಕಾನೂನು ಕಲಿತು 1429ರಲ್ಲಿ ನ್ಯಾಯಾಧೀಶನಾದ, ಜಮೀನು ಕೊಂಡ.

ವಿರೋಧಿಗಳ ಮಾತನ್ನೂ ಕಣ್ಣುಮುಚ್ಚಿ ನಂಬುವಂತಿಲ್ಲ. ಆದರೂ ಇಂದಿನ ಇತಿಹಾಸಕಾರರಿಗೆ ರಾಜಮುದ್ರೆಯ ಕಥೆಗಿಂತ ರೈತನ ಕಥೆಯೇ ಸತ್ಯಕ್ಕೆ ಹತ್ತಿರ ಕಾಣುತ್ತದೆ. 1679ರಲ್ಲಿ ಈ ಮನೆತನಕ್ಕೆ ಅರ್ಲ್ ಪದವಿಯೂ ಸಿಕ್ಕಿತು. 1732ರಲ್ಲಿ ಗಂಡು ಸಂತಾನವಿಲ್ಲದೆ ಆ ಪದವಿ ಕೊನೆಗೊಂಡಿತು.

ನಮ್ಮ ಮನೆಯಲ್ಲಿ ವಂಶಾವಳಿಗೆ 'ಶಜರಾ' ಎನ್ನುತ್ತೇವೆ. ದಾದಿ ಅದನ್ನು ಹೇಳುವಾಗ ದೊಡ್ಡ ದೊಡ್ಡ ಹೆಸರುಗಳು ಬರುತ್ತವೆ. ಗಾಡಿ ಹೊಡೆಯುತ್ತಿದ್ದ ಮುತ್ತಜ್ಜನ ಸುದ್ದಿ ನಾನು ಕೇಳಿದರೆ ಮಾತ್ರ ಬರುತ್ತದೆ. ಪಾಸ್ಟನ್ನರ ವಿರೋಧಿಗಳು ಅವಮಾನವೆಂದು ಬರೆದದ್ದನ್ನು ಓದಿದ ಮೇಲೆ ನನಗೆ ಅನಿಸಿದ್ದು ಇಷ್ಟೇ: ಸಾಲ ಮಾಡಿ ಮಗನನ್ನು ಓದಿಸಿದ ತಂದೆಗಿಂತ ಗೌರವದ ಮೂಲಪುರುಷ ಬೇರೆ ಬೇಕೆ?

ಸ್ನೇಹಿತರೇ, ಈ ರಜೆಯಲ್ಲಿ ಮನೆಯ ಹಿರಿಯರನ್ನು ಕೇಳಿ, ಹಳೆಯ ಕಾಗದಗಳನ್ನು ತೆಗೆದು ನೋಡಿ. ಆಧಾರ ಸಿಕ್ಕಿದ್ದನ್ನು ಶಾಯಿಯಲ್ಲಿ ಬರೆಯಿರಿ, ಉಳಿದದ್ದನ್ನು ಪೆನ್ಸಿಲ್‌ನಲ್ಲಿ.