ಆಂಗ್ಲ ನುಡಿಗಟ್ಟುಗಳಲ್ಲಿ ಅನಿರೀಕ್ಷಿತ ಲಾಭ

ನೆನೆಯದೆ ಬಂದ ಲಾಭವನ್ನೂ ಮೇಲೆ ದೊರೆತ ಹೆಚ್ಚಳವನ್ನೂ ಸೂಚಿಸಲು ಆಂಗ್ಲಭಾಷೆಯಲ್ಲಿ ಹಲವು ನುಡಿಗಟ್ಟುಗಳಿವೆ. ಅವೆಲ್ಲವನ್ನೂ ‘ಅದೃಷ್ಟ’ವೆಂಬ ಒಂದೇ ಪದದಿಂದ ಅನುವಾದಿಸಿದರೆ ಅರ್ಥಭೇದವು ಅಳಿದುಹೋಗುತ್ತದೆ.

‘ವಿಂಡ್‌ಫಾಲ್’ ಎಂದರೆ ಗಾಳಿಗೆ ತಾನೇ ಉದುರಿದ ಹಣ್ಣು. ಕೊಯ್ಯುವ ಶ್ರಮವಿಲ್ಲದೆ ಕೈಸೇರುವುದರಿಂದ ಅದು ಅನಾಯಾಸವಾದ ಧನಲಾಭಕ್ಕೆ ಹೆಸರಾಯಿತು. ಕಾಗೆ ಕುಳಿತೊಡನೆ ತಾಳೆಹಣ್ಣು ಬಿದ್ದ ಕಾಕತಾಳೀಯ ನ್ಯಾಯವು ಇದಕ್ಕೆ ಸಮೀಪವಾದುದು. ಆದರೆ ಅಲ್ಲಿ ಆಕಸ್ಮಿಕತೆ ಪ್ರಧಾನ, ಇಲ್ಲಿ ಲಾಭ ಪ್ರಧಾನ.

‘ಬೇಕರ್ಸ್ ಡಜನ್’ ಎಂದರೆ 13. ಮಧ್ಯಯುಗದ ಇಂಗ್ಲೆಂಡಿನಲ್ಲಿ ತೂಕ ಕಡಿಮೆಯಾದರೆ ರೊಟ್ಟಿ ಮಾರುವವನಿಗೆ ದಂಡನೆಯಿತ್ತು. ಆ ಭಯದಿಂದ 12ರ ಮೇಲೊಂದನ್ನು ಸೇರಿಸುತ್ತಿದ್ದನೆಂದು ವಿವರಿಸುವರು. ನಮ್ಮ ಸಂತೆಯ ‘ಕೊಸರು’ ಇದಕ್ಕೆ ಹತ್ತಿರವಾದರೂ ಅದು ಕೊಳ್ಳುವವನ ಸಂತೋಷಕ್ಕಾಗಿ ಹಾಕುವಂಥದು.

‘ಸೆರೆಂಡಿಪಿಟಿ’ 1754ರಲ್ಲಿ ಹೊರೇಸ್ ವಾಲ್‌ಪೋಲ್ ಸೃಷ್ಟಿಸಿದ ಪದ. ಸೆರೆಂಡಿಪ್ ಎಂಬುದು ಸಿಂಹಳದ್ವೀಪದ ಹಳೆಯ ಹೆಸರು. ಆ ನಾಡಿನ ಮೂವರು ರಾಜಕುಮಾರರ ಕಥೆಯೇ ಇದಕ್ಕೆ ಮೂಲ. ಅವರು ತಾವು ಅರಸದಿದ್ದುದನ್ನು ಆಕಸ್ಮಿಕವಾಗಿಯೂ ಜಾಣ್ಮೆಯಿಂದಲೂ ಕಂಡುಕೊಳ್ಳುತ್ತಿದ್ದರೆಂದು ವಾಲ್‌ಪೋಲನ ವಿವರಣೆ. ‘ಹುಡುಕುವ ಬಳ್ಳಿ ಕಾಲಿಗೆ ತೊಡರಿತು’ ಎಂಬ ಗಾದೆ ಇಲ್ಲಿ ಹೊಂದದು. ಅಲ್ಲಿ ದೊರೆತುದು ಹುಡುಕಿದ ವಸ್ತುವೇ.

ಆದುದರಿಂದ ಅನುವಾದಕನು ಮೊದಲು ವಿಚಾರಿಸಬೇಕಾದುದಿಷ್ಟು: ಲಾಭವು ತಾನಾಗಿ ಬಂದಿತೆ, ಪರರು ಕೊಟ್ಟರೆ, ಕಾಣಬಲ್ಲ ಕಣ್ಣಿಗೆ ದೊರೆಯಿತೆ? ಇದು ತಿಳಿದರೆ ತಕ್ಕ ಕನ್ನಡ ಪದವು ತಾನೇ ಒದಗುತ್ತದೆ.